ಈಮಾನ್ ಮತ್ತು ವಕಾಲತ್ತು: ಬಾನು ಮುಷ್ತಾಕರ ಕತೆಗಳನ್ನು ಮತ್ತೆ ಓದುತ್ತಾ

ನಂಬಿಕೆ ಮತ್ತು ವೃತ್ತಿಯ ಸಂಬಂಧದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಕೆಲವು ಉದಾಹರಣೆಗಳು ಸಿದ್ಧವಾಗಿರುತ್ತವೆ. 1979ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಅಬ್ದುಸ್ಸಲಾಂ ಆ ಔತಣಕೂಟದ ಭಾಷಣದಲ್ಲಿ ಕುರ್‌ಆನಿನ ಮಾತನ್ನು ನೆನೆದರು ಎನ್ನುತ್ತೇವೆ. ಅಬ್ದುಲ್ ಕಲಾಮರ ಹೆಸರನ್ನು ಹೇಳುತ್ತೇವೆ. ದೊಡ್ಡವರ ಬದುಕಿನಿಂದ ಒಂದು ಗಳಿಗೆಯನ್ನು ಆರಿಸಿಕೊಂಡು, ನೋಡಿ, ವಿದ್ಯೆಗೂ ದೀನಿಗೂ ಜಗಳವಿಲ್ಲ ಎಂದು ಸಮಾಧಾನಪಟ್ಟು ಮನೆಗೆ ಹೋಗುತ್ತೇವೆ. ಈ ಸಮಾಧಾನ ತಪ್ಪೇನಲ್ಲ. ಆದರೆ ಅದರಿಂದ ನಮಗೆ ತಿಳಿಯುವುದು ತೀರ ಕಡಿಮೆ. ನಕ್ಷತ್ರಗಳನ್ನು ನೋಡುವವನಿಗೆ ಸೃಷ್ಟಿಕರ್ತನ ನೆನಪಾಗುವುದು ಸಹಜ. ದಂಡಿಗನಹಳ್ಳಿ ಹೋಬಳಿಯಿಂದಲೋ ಅರಕಲಗೂಡಿನ ಕಡೆಯಿಂದಲೋ ಬೆಳಗಿನ ಬಸ್ಸಿಗೆ ಬಂದು, ಕಾಗದದ ಗಂಟು ಹಿಡಿದು ಕೋರ್ಟಿನ ಕಟ್ಟೆಯ ಮೇಲೆ ಕೂತ ಹೆಂಗಸಿನ ಎದುರಿಗೆ ಒಬ್ಬ ವಕೀಲರಿಗೆ ತಮ್ಮ ನಂಬಿಕೆ ಏನನ್ನು ನೆನಪಿಸುತ್ತದೆ? ನಿಜವಾದ ಪರೀಕ್ಷೆ ಇರುವುದು ಇಲ್ಲಿ.

ಈ ಪ್ರಶ್ನೆಗೆ ಕನ್ನಡದಲ್ಲಿ ಗಂಭೀರವಾದ ಉತ್ತರವೊಂದು ಹಾಸನದಿಂದಲೇ ಬಂದಿದೆ. ಬಾನು ಮುಷ್ತಾಕ್ ಅವರ ಕತೆಗಳನ್ನು ಆ ಉತ್ತರವೆಂದು ಓದಲು ಸಾಧ್ಯವೇ ಎಂದು ನೋಡುವುದು ಈ ಲೇಖನದ ಉದ್ದೇಶ.

1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಅವರ ಮನೆಮಾತು ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕ್ರೈಸ್ತ ಮಿಷನರಿಗಳ ಕನ್ನಡ ಮಾಧ್ಯಮ ಶಾಲೆಗೆ ಸೇರಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರೆಂದೂ, ಕೆಲವೇ ದಿನಗಳಲ್ಲಿ ಕಲಿತೆನೆಂದೂ ಅವರೇ ಹೇಳಿಕೊಂಡಿದ್ದಾರೆ. ಮುಂದೆ 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾದರು, ಹಾಸನ ನಗರಸಭೆಯ ಸದಸ್ಯೆಯಾದರು, ವಕೀಲಿಕೆ ಹಿಡಿದರು. ಬಂಡಾಯ ಸಾಹಿತ್ಯ ಚಳವಳಿಯ ಜೊತೆಗೆ ಬೆಳೆದರು. 'ಹೆಜ್ಜೆ ಮೂಡಿದ ಹಾದಿ', 'ಬೆಂಕಿ ಮಳೆ', 'ಎದೆಯ ಹಣತೆ', 'ಸಫೀರಾ' ಮೊದಲಾದ ಸಂಕಲನಗಳು ಬಂದವು. 'ಕರಿ ನಾಗರಗಳು' ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. 1990ರಿಂದ 2023ರವರೆಗಿನ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಸಂದದ್ದು ಅದೇ ಮೊದಲು, ಕನ್ನಡಕ್ಕೆ ಸಂದದ್ದೂ ಅದೇ ಮೊದಲು.

ಪ್ರಶಸ್ತಿಯ ನಂತರ ಬಂದ ಲೇಖನಗಳನ್ನು ಓದಿದರೆ ಎರಡು ಬಗೆಯ ಓದು ಕಾಣುತ್ತದೆ. ಒಂದು, ಇವರು ಧರ್ಮದ ವಿರುದ್ಧ ಬರೆದ ದಿಟ್ಟ ಲೇಖಕಿ ಎನ್ನುವ ಮೆಚ್ಚುಗೆ. ಇನ್ನೊಂದು, ಇವರು ನಮ್ಮ ಮನೆಯ ಮಾತನ್ನು ಬೀದಿಗೆ ತಂದವರು ಎನ್ನುವ ಮುನಿಸು. ಒಂದು ಹೊಗಳಿಕೆ, ಇನ್ನೊಂದು ದೂರು. ಆದರೂ ಎರಡರ ತಳದಲ್ಲಿರುವ ನಂಬಿಕೆ ಒಂದೇ: ಈ ಕತೆಗಳು ದೀನಿನ ಹೊರಗೆ ನಿಂತು ಬರೆದವು ಎಂಬುದು. ನನಗೆ ಈ ಎರಡು ಓದುಗಳೂ ಒಪ್ಪಿಗೆಯಾಗುವುದಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಯಾರೊಬ್ಬರ ಎದೆಯೊಳಗಿನ ಈಮಾನನ್ನು ತೂಗುವ ತಕ್ಕಡಿ ವಿಮರ್ಶಕನ ಬಳಿ ಇಲ್ಲ, ಇರಲೂಬಾರದು. ಅದು ಮನುಷ್ಯನಿಗೂ ಅವನ ಪ್ರಭುವಿಗೂ ನಡುವಿನ ಲೆಕ್ಕ. ನಾವು ನೋಡಬಹುದಾದದ್ದು ಕತೆಯ ಒಳಗೆ ನಂಬಿಕೆ ಮಾಡುವ ಕೆಲಸವನ್ನು ಮಾತ್ರ.

ಆ ಕೆಲಸವನ್ನು ನೋಡಲು ಒಂದು ಶಬ್ದದಿಂದ ಹೊರಡೋಣ. ಬಹಮನಿ, ಬಿಜಾಪುರ, ಹೈದರ್ ಮತ್ತು ಟಿಪ್ಪುವಿನ ಆಡಳಿತಗಳು ಕನ್ನಡಕ್ಕೆ ಕಚೇರಿಯ ಭಾಷೆಯೊಂದನ್ನು ಬಿಟ್ಟುಹೋದವು. ಅರ್ಜಿ, ಫಿರ್ಯಾದಿ, ತಕರಾರು, ಜಾಮೀನು, ಹಾಜರು, ಜಪ್ತಿ, ವಾರಸುದಾರ, ವಕೀಲ, ಹಕ್ಕು. ಹೊಳೆನರಸೀಪುರದ ರೈತನೂ ಚನ್ನರಾಯಪಟ್ಟಣದ ವ್ಯಾಪಾರಿಯೂ ಇವುಗಳನ್ನು ಅಚ್ಚಗನ್ನಡವೆಂದೇ ಆಡುತ್ತಾರೆ. ಈಗ ಇವು ಕನ್ನಡವೇ ಹೌದು. ಆದರೆ ಮಸೀದಿಯಲ್ಲಿ ಕೂತು ಅಲ್ಲಾಹನ ತೊಂಬತ್ತೊಂಬತ್ತು ನಾಮಗಳನ್ನು ಹೇಳುವವರಿಗೆ ಇವುಗಳಲ್ಲಿ ಎರಡು ಬೇರೆಯ ದನಿಯಲ್ಲಿ ಕೇಳಿಸುತ್ತವೆ. ಅಲ್ ಹಕ್ ಅವನ ಹೆಸರು: ಸತ್ಯ. ಅಲ್ ವಕೀಲ್ ಅವನ ಹೆಸರು: ಕಾರ್ಯವನ್ನು ಒಪ್ಪಿಸಿ ನಿಶ್ಚಿಂತರಾಗಬಹುದಾದವನು. ಕೋರ್ಟಿನಲ್ಲಿ ಹಕ್ಕು ಎಂದರೆ ಕೇಳಿ ಪಡೆಯಬೇಕಾದದ್ದು. ದೀನಿನಲ್ಲಿ ಹಕ್ ಎಂದರೆ ಇರುವ ಸತ್ಯ. ಎರಡೂ ಒಂದೇ ಬೇರಿನ ಶಬ್ದ.

ನಮ್ಮ ವಿದ್ವಾಂಸರು ಹಕ್ಕುಗಳನ್ನು ಎರಡಾಗಿ ವಿಂಗಡಿಸಿ ಹೇಳುತ್ತಾ ಬಂದಿದ್ದಾರೆ: ಅಲ್ಲಾಹನ ಹಕ್ಕುಗಳು ಮತ್ತು ಅವನ ದಾಸರ ಹಕ್ಕುಗಳು. ನಮಾಜ್, ರೋಜಾ ಮೊದಲನೆಯದರಲ್ಲಿ ಬರುತ್ತವೆ. ಸಾಲ, ಕೂಲಿ, ಮಹರ್, ತಂಗಿಯ ಪಾಲು, ಹೆಂಡತಿಯ ಜೀವನಾಂಶ ಎರಡನೆಯದರಲ್ಲಿ. ಮೊದಲನೆಯದರಲ್ಲಿ ಬಿದ್ದ ಬಾಕಿಯನ್ನು ಅವನು ಮನ್ನಿಸಬಹುದು. ಎರಡನೆಯದನ್ನು ಅನ್ಯಾಯಕ್ಕೆ ಒಳಗಾದ ಮನುಷ್ಯನೇ ಮನ್ನಿಸಬೇಕು. ಈ ಪಾಠವನ್ನು ನಾವೆಲ್ಲ ಜುಮಾದ ಬಯಾನಿನಲ್ಲಿ ಕೇಳಿದ್ದೇವೆ. ಬಾನು ಅವರ ಕತೆಗಳ ಬಹುಪಾಲು ಈ ಎರಡನೆಯ ಖಾತೆಯ ಲೆಕ್ಕಪುಸ್ತಕ. ಅವರ ಕತೆಗಳ ಗಂಡಸರು ಮೊದಲ ಖಾತೆಯಲ್ಲಿ ಬಾಕಿ ಉಳಿಸಿಕೊಂಡವರಲ್ಲ. ಟೋಪಿ ಇದೆ, ಗಡ್ಡ ಇದೆ, ಐದು ಹೊತ್ತಿನ ನಮಾಜೂ ಇರಬಹುದು. ದಿವಾಳಿಯಾಗಿರುವುದು ಎರಡನೆಯ ಖಾತೆ.

'ಬೆಂಕಿ ಮಳೆ' ಕತೆಯನ್ನು ನೋಡಿ. ತವರಿನ ಆಸ್ತಿಯಲ್ಲಿ ತನ್ನ ಪಾಲು ಕೇಳಲು ತಂಗಿ ಜಮೀಲಾ ಮುತವಲ್ಲಿ ಅಣ್ಣನ ಮನೆಗೆ ಬಂದಿದ್ದಾಳೆ. ಅವಳು ಕೇಳುತ್ತಿರುವುದು ಆಧುನಿಕ ಸ್ತ್ರೀವಾದದ ಪುಸ್ತಕದಿಂದ ಕಲಿತದ್ದನ್ನಲ್ಲ. ಕುರ್‌ಆನಿನ ನಾಲ್ಕನೆಯ ಅಧ್ಯಾಯ ಹೆಣ್ಣಿನ ಪಾಲನ್ನು ನಿಗದಿಪಡಿಸಿದೆ. ಕೊಡುವವನ ಔದಾರ್ಯಕ್ಕೆ ಬಿಟ್ಟಿಲ್ಲ. ಅಣ್ಣನಿಗೂ ಇದು ಗೊತ್ತು. ಅಷ್ಟರಲ್ಲಿ ಬಡ ಮುಸ್ಲಿಮನೊಬ್ಬನ ಶವವನ್ನು ಹಿಂದೂ ಸ್ಮಶಾನದಲ್ಲಿ ಹೂಳಿದ್ದಾರೆಂಬ ಸುದ್ದಿ ಬರುತ್ತದೆ. ಮುತವಲ್ಲಿಗೆ ಉಸಿರು ಬಂದಂತಾಗುತ್ತದೆ. ಜಮಾಅತ್ತು ಸೇರುತ್ತದೆ, ಕಚೇರಿಗಳಿಗೆ ಓಡಾಟ ನಡೆಯುತ್ತದೆ, ಸಮುದಾಯದ ಮಾನದ ಪ್ರಶ್ನೆ ಏಳುತ್ತದೆ. ಜಮೀಲಾಳ ಪಾಲಿನ ಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಸತ್ತವನ ಧರ್ಮಕ್ಕಾಗಿ ಹೋರಾಡುವುದು ಬದುಕಿರುವ ತಂಗಿಗೆ ಧರ್ಮ ಕೊಟ್ಟ ಪಾಲನ್ನು ಕೊಡದಿರಲು ಒಳ್ಳೆಯ ನೆಪವಾಗುತ್ತದೆ. ಈ ಕತೆಯನ್ನು ಧರ್ಮವಿರೋಧಿ ಎನ್ನುವವರು ಒಮ್ಮೆ ಕೇಳಿಕೊಳ್ಳಬೇಕು: ಇಲ್ಲಿ ಧರ್ಮ ಯಾರ ಪಕ್ಷದಲ್ಲಿದೆ?

ಈ ಕತೆಯ ಹಿಂದೆ ಒಂದು ಚರಿತ್ರೆಯೂ ಇದೆ. 1937ರ ಶರೀಅತ್ ಕಾಯ್ದೆ ಮುಸ್ಲಿಮರ ವಾರಸಿಕೆಗೆ ಊರಿನ ರೂಢಿಯ ಬದಲು ಶರೀಅತ್ತೇ ಅನ್ವಯಿಸಬೇಕೆಂದು ಹೇಳಿತು. ಆದರೆ ಕೃಷಿ ಭೂಮಿಯನ್ನು ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೆಚ್ಚಿನವರ ಆಸ್ತಿ ಹೊಲ ಗದ್ದೆಯೇ ಆಗಿದ್ದ ದೇಶದಲ್ಲಿ ಹೆಣ್ಣಿನ ಪಾಲಿಗೆ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. ನಮ್ಮ ವೈಯಕ್ತಿಕ ಕಾನೂನಿನ ರಕ್ಷಣೆಗೆಂದು ಅನೇಕ ಸಭೆಗಳು ನಡೆದಿವೆ. ಹೆಣ್ಣುಮಕ್ಕಳ ಪಾಲು ಅವರ ಕೈ ಸೇರಿತೇ ಎಂದು ಲೆಕ್ಕ ಕೇಳಿದ ಸಭೆಗಳು ಎಷ್ಟು?

'ಕರಿ ನಾಗರಗಳು' ಇದೇ ವಾದದ ಇನ್ನೂ ಕಟುವಾದ ರೂಪ. ಮೂರು ಹೆಣ್ಣು ಹೆತ್ತಳೆಂದು ಗಂಡ ಯಾಕೂಬ್ ಅಶ್ರಫಳನ್ನು ಬಿಟ್ಟಿದ್ದಾನೆ. ಕೂಸಿಗೆ ಕಾಯಿಲೆ. ಅವಳು ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ; ಆತ ದಿನ ತಳ್ಳುತ್ತಾನೆ. ಓದಿದ ಹೆಂಗಸು ಜುಲೇಖಾ ಬೇಗಂ ಅವಳಿಗೆ, ನಿನಗೆ ದೀನು ಕೊಟ್ಟ ಹಕ್ಕುಗಳು ಇಂಥಿಂಥವು ಎಂದು ತಿಳಿಸಿಕೊಡುತ್ತಾಳೆ. ಆಗ ಅಶ್ರಫ್ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಮಸೀದಿಯ ಅಂಗಳದಲ್ಲಿ ಕೂತುಬಿಡುತ್ತಾಳೆ.

ಅವಳು ಎಲ್ಲಿ ಹೋಗಿ ಕೂತಳು ಎಂಬುದನ್ನು ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಪೊಲೀಸು ಠಾಣೆಯ ಮುಂದೆಯಲ್ಲ, ತಾಲೂಕು ಕಚೇರಿಯ ಮುಂದೆಯಲ್ಲ. ನಂಬಿಕೆ ಕಳೆದುಕೊಂಡವಳು ಮಸೀದಿಗೆ ಹೋಗುವುದಿಲ್ಲ. ಇದು ಅಲ್ಲಾಹನ ಮನೆ, ಇಲ್ಲಿ ನನ್ನ ಅರ್ಜಿ ನಡೆಯಬೇಕು ಎಂಬ ಭರವಸೆಯೇ ಅವಳನ್ನು ಅಲ್ಲಿಗೆ ಕರೆದೊಯ್ದದ್ದು. ಅಲ್ಲಿಯೇ ಅವಳ ಕೂಸು ಸಾಯುತ್ತದೆ. ಮೊಹಲ್ಲಾದ ಹೆಂಗಸರ ಬಾಯಿಂದ ಶಾಪ ಹೊರಡುತ್ತದೆ. ಶಾಪವೆಂದರೂ ಅದೂ ಮೇಲಿನ ನ್ಯಾಯಾಲಯಕ್ಕೆ ಹಾಕಿದ ಮೇಲ್ಮನವಿಯೇ ಅಲ್ಲವೇ? ಅನ್ಯಾಯಕ್ಕೆ ಒಳಗಾದವರ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಪ್ರವಾದಿಯವರು ಎಚ್ಚರಿಸಿದ್ದನ್ನು ಬಲ್ಲವರಿಗೆ ಆ ಹೆಂಗಸರ ದನಿ ಹೊಸದಾಗಿ ಕೇಳಿಸುವುದಿಲ್ಲ.

ಇಲ್ಲಿ ಕುರ್‌ಆನಿನ ಐವತ್ತೆಂಟನೆಯ ಅಧ್ಯಾಯ ನೆನಪಾಗುತ್ತದೆ. ಅದರ ಹೆಸರೇ ವಾದಿಸುವವಳು ಎಂಬ ಅರ್ಥದ್ದು. ಖೌಲಾ ಬಿನ್ತ್ ಸಅಲಬ ಎಂಬ ಮಹಿಳೆಯನ್ನು ಗಂಡ ನೀನು ನನಗೆ ತಾಯಿಯಂತೆ ಎಂದು ಹೇಳಿ ದೂರ ಮಾಡಿದ್ದ. ಅರಬರ ಹಳೆಯ ರೂಢಿಯಲ್ಲಿ ಹಾಗೆ ಹೇಳಿಸಿಕೊಂಡವಳು ಇತ್ತ ಹೆಂಡತಿಯೂ ಅಲ್ಲ, ಅತ್ತ ಬಿಡುಗಡೆಯಾದವಳೂ ಅಲ್ಲ. ಆಕೆ ಪ್ರವಾದಿಯವರ ಮುಂದೆ ಬಂದು ವಾದಿಸಿದಳು. ಮೊದಲ ಉತ್ತರಕ್ಕೆ ಸುಮ್ಮನಾಗಲಿಲ್ಲ, ಮತ್ತೆ ಕೇಳಿದಳು, ಅಲ್ಲಾಹನಿಗೇ ಮೊರೆಯಿಟ್ಟಳು. ಆಕೆಯ ವಾದವನ್ನು ಅಲ್ಲಾಹನು ಆಲಿಸಿದನೆಂದು ಸಾರುತ್ತಾ ಆ ಅಧ್ಯಾಯ ತೆರೆದುಕೊಳ್ಳುತ್ತದೆ. ಆ ರೂಢಿಯನ್ನು ಖಂಡಿಸಿ ಅದಕ್ಕೆ ಪ್ರಾಯಶ್ಚಿತ್ತ ವಿಧಿಸುತ್ತದೆ. ಆಕೆಗೆ, ಹೆಣ್ಣಾಗಿ ಇಷ್ಟು ಮಾತೇ ಎಂದು ಯಾರೂ ಅನ್ನಲಿಲ್ಲ. ವಾದಿಸುವುದು ಈಮಾನಿನ ಕೊರತೆ ಎಂದು ನಮಗೆ ಕಲಿಸಿದವರು ಈ ಅಧ್ಯಾಯವನ್ನು ಓದುವಾಗ ಏನು ಅರ್ಥ ಮಾಡಿಕೊಳ್ಳುತ್ತಾರೋ!

'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯನ್ನು ನಾನು ಖೌಲಾಳ ಪರಂಪರೆಯಲ್ಲಿಟ್ಟು ಓದುತ್ತೇನೆ. ತವರಿನಿಂದ ಕಿತ್ತು ತಂದ ಹೆಣ್ಣು, ವರದಕ್ಷಿಣೆಯ ಕಾಟ, ಕಾಯಿಲೆ, ಆಸ್ಪತ್ರೆ, ಕೈಬಿಟ್ಟ ಗಂಡ. ಇವೆಲ್ಲವನ್ನೂ ಅವಳು ಪ್ರಭುವಿಗೆ ಹೇಳಿಕೊಳ್ಳುತ್ತಾಳೆ. ಕೊನೆಗೆ ಇಡುವ ಬೇಡಿಕೆ ಶೀರ್ಷಿಕೆಯಲ್ಲೇ ಇದೆ. ಈ ಮಾತು ಅನೇಕ ಶ್ರದ್ಧಾವಂತರಿಗೆ ಅಳುಕು ತರುತ್ತದೆ. ಆ ಅಳುಕನ್ನು ನಾನು ಲಘುವಾಗಿ ಕಾಣುವುದಿಲ್ಲ. ಸೃಷ್ಟಿಕರ್ತನಿಗೆ ರೂಪ ಕಲ್ಪಿಸದಿರುವುದು ನಮ್ಮ ನಂಬಿಕೆಯ ತಳಹದಿ. ಆದರೆ ಕತೆಯ ಹೆಣ್ಣು ಅಕೀದಾದ ಪಾಠ ಹೇಳುತ್ತಿಲ್ಲ. ಅವಳ ಮಾತಿನ ಧಾಟಿ ಕೋರ್ಟಿನದು. ಕಾಗದ ನೋಡಿದರೆ ತಿಳಿಯದು, ನ್ಯಾಯಾಧೀಶರೇ ಒಮ್ಮೆ ಸ್ಥಳಕ್ಕೆ ಬಂದು ನೋಡಬೇಕು ಎಂದು ಕಕ್ಷಿದಾರರು ಬೇಡಿಕೊಳ್ಳುವುದಿಲ್ಲವೇ? ಇದು ಅಂಥದೊಂದು ಅರ್ಜಿ. ಕೇಳುವವನಿದ್ದಾನೆ ಎಂಬ ಖಾತ್ರಿಯಿಲ್ಲದವರು ಅರ್ಜಿ ಬರೆಯುವುದಿಲ್ಲ. ನಾಸ್ತಿಕನಿಗೆ ದೇವರ ಮೇಲೆ ತಕರಾರಿರಲು ಸಾಧ್ಯವಿಲ್ಲ.

ಹಾಗಾದರೆ ಲೇಖಕಿಯೇ ಬೂಕರ್ ಸಂದರ್ಭದಲ್ಲಿ, ಧರ್ಮ, ಸಮಾಜ, ರಾಜಕೀಯ ಮೂರೂ ಹೆಣ್ಣಿನಿಂದ ಪ್ರಶ್ನೆಯಿಲ್ಲದ ವಿಧೇಯತೆಯನ್ನು ಬಯಸುತ್ತವೆ ಎಂಬರ್ಥದ ಮಾತು ಹೇಳಿದ್ದಾರಲ್ಲ ಎಂದು ಓದುಗರು ಕೇಳಬಹುದು. ಹೌದು, ಹೇಳಿದ್ದಾರೆ. ಅಲ್ಲಿ ಧರ್ಮ ಎಂಬುದು ಒಂದು ಅಧಿಕಾರದ ಹೆಸರು. ಕತೆಗಳ ಒಳಗೆ ನೋಡಿದರೆ ಆ ಶಬ್ದ ಎರಡಾಗಿ ಒಡೆಯುತ್ತದೆ: ಮುತವಲ್ಲಿಯ ಕೈಯಲ್ಲಿರುವ ಧರ್ಮ, ಅಶ್ರಫಳ ಬಾಯಲ್ಲಿರುವ ಧರ್ಮ. ಹೇಳಿಕೆಗಿಂತ ಕತೆ ಹೆಚ್ಚು ಸೂಕ್ಷ್ಮವಾಗಿದೆ. ವಿಮರ್ಶೆ ನಂಬಬೇಕಾದದ್ದು ಕತೆಯನ್ನು.

ವಕೀಲಿಕೆ ಈ ಕತೆಗಳಿಗೆ ಏನು ಕೊಟ್ಟಿದೆ ಎಂಬುದೂ ಯೋಚಿಸತಕ್ಕದ್ದು. ಬಾನು ಅವರು ಬರೆಯುತ್ತಿದ್ದ ವರ್ಷಗಳು ಮುಸ್ಲಿಂ ಹೆಣ್ಣಿನ ಜೀವನಾಂಶವನ್ನು ಕುರಿತ ಕಾನೂನು ಪದೇ ಪದೇ ಅಲುಗಿದ ವರ್ಷಗಳು. 1985ರಲ್ಲಿ ಶಾ ಬಾನು ತೀರ್ಪು. ಮರುವರ್ಷವೇ ಅದನ್ನು ಮೊಟಕುಗೊಳಿಸಲೆಂದು ಬಂದ ಕಾಯ್ದೆ. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಕಾಯ್ದೆಯನ್ನು ಎತ್ತಿಹಿಡಿಯುತ್ತಲೇ, ಇದ್ದತ್ತಿನ ಅವಧಿಯೊಳಗೆ ಗಂಡನು ಆಕೆಯ ಮುಂದಿನ ಬದುಕಿಗೂ ಸಾಕಾಗುವಂಥ ನ್ಯಾಯವಾದ ಏರ್ಪಾಡು ಮಾಡಬೇಕೆಂದು ಅರ್ಥೈಸಿತು. 2017ರಲ್ಲಿ ಒಂದೇ ಉಸಿರಿನ ತ್ರಿವಳಿ ತಲಾಖ್ ರದ್ದಾಯಿತು. 2024ರ ಜುಲೈಯಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಎಲ್ಲರಿಗೂ ಇರುವ ಜೀವನಾಂಶದ ಕಲಮೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು ಮತ್ತೆ ಹೇಳಿತು. ಈ ತೀರ್ಪುಗಳು ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದವು. ಕೋರ್ಟಿನ ಕಟ್ಟೆಯ ಮೇಲೆ ಕೂತ ಹೆಂಗಸಿಗೆ ಅವು ತಲುಪುವಾಗ ಎಷ್ಟು ಬಸ್ಸಿನ ಚೀಟಿ, ಎಷ್ಟು ವಾಯಿದೆ! ತೀರ್ಪಿಗೂ ಅಡುಗೆಮನೆಗೂ ನಡುವಿನ ಈ ದೂರ ಬಾನು ಅವರ ಕಥಾಲೋಕ. ಅವರು ತೀರ್ಪು ಬರೆಯುವುದಿಲ್ಲ, ಹೇಳಿಕೆ ದಾಖಲಿಸುತ್ತಾರೆ.

'ಎದೆಯ ಹಣತೆ'ಯ ಮೆಹರುನ್ ಗಂಡನ ಪರಸ್ತ್ರೀ ಸಂಬಂಧದಿಂದ ನೊಂದು ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆಯ ಮಾತಾಡಿ ಅಣ್ಣಂದಿರು ಅವಳನ್ನು ಮರಳಿ ಬಿಟ್ಟುಬರುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವುದು ಹದಿಹರೆಯದ ಮಗಳು. ಕಾನೂನಿನ ಪುಸ್ತಕ, ಜಮಾಅತ್ತು, ತವರು ಯಾವುದೂ ಹಿಡಿಯದ ಕೈಯನ್ನು ಆ ಹುಡುಗಿ ಹಿಡಿಯುತ್ತಾಳೆ. ಯಾಸೀನ್ ಬುವಾಳ ಕತೆಯಲ್ಲಿ, ಬಡ ಮುದುಕಿ ಕೂಡಿಟ್ಟ ಹಣ ಕೊಟ್ಟು, ಹಜ್ಜಿಗೆ ಹೊರಟ ಸಿರಿವಂತೆ ಶಾಜಿಯಾಳಿಂದ ಜಂಜಂ ನೀರಿನಲ್ಲಿ ಅದ್ದಿದ ಕಫನ್ ತರಿಸಿಕೊಳ್ಳಲು ಬಯಸುತ್ತಾಳೆ. ಶಾಜಿಯಾ ಮರೆತುಬಿಡುತ್ತಾಳೆ. ಮುದುಕಿ ತೀರಿಹೋದ ಮೇಲೆ ಆ ಮರೆವು ಎದ್ದು ನಿಲ್ಲುತ್ತದೆ. ಹಜ್ಜು ಮುಗಿದಿದೆ, ಅಮಾನತ್ತು ಬಾಕಿ ಉಳಿದಿದೆ. ಇದಕ್ಕಿಂತ ನೇರವಾದ ಧಾರ್ಮಿಕ ಕತೆ ಕನ್ನಡದಲ್ಲಿ ನನಗೆ ಬೇಗ ನೆನಪಾಗುವುದಿಲ್ಲ.

ವಕೀಲೆಯೇ ನಿರೂಪಕಿಯಾಗಿರುವ, ಅರೇಬಿಕ್ ಮೇಷ್ಟ್ರು ಮತ್ತು ಗೋಬಿ ಮಂಚೂರಿಯ ಕತೆ ಇನ್ನೊಂದು ಬಗೆಯದು. ನಗಿಸುತ್ತಲೇ ಅದು ಓದಿದ ಮಧ್ಯಮವರ್ಗವನ್ನು ಚುಚ್ಚುತ್ತದೆ. ಕಚೇರಿಯ ಕೆಲಸದಲ್ಲಿ ಬಿಡುವಿಲ್ಲದ ತಾಯಿ ಹೆಣ್ಣುಮಕ್ಕಳಿಗೆ ದೀನು ಕಲಿಸಲು ಒಬ್ಬ ಯುವಕನನ್ನು ನೇಮಿಸುತ್ತಾಳೆ. ಆತನಿಗೆ ಪಾಠಕ್ಕಿಂತ ಗೋಬಿಯ ಮೇಲೆ ಮನಸ್ಸು. ಆ ಹುಚ್ಚು ಮುಂದೆ ಹೆಂಡತಿಯ ಮೇಲೆ ಕೈಮಾಡುವವರೆಗೆ ಹೋಗುತ್ತದೆ. ಇಲ್ಲಿ ಗುರಿಯಾಗಿರುವುದು ಮೇಷ್ಟ್ರು ಮಾತ್ರವಲ್ಲ. ವೃತ್ತಿಯನ್ನು ತಾನು ನೋಡಿಕೊಂಡು, ನಂಬಿಕೆಯನ್ನು ಸಂಬಳದ ಮೇಲೆ ಬೇರೆಯವರಿಗೆ ವಹಿಸಿಕೊಡುವ ನಮ್ಮೆಲ್ಲರ ಅಭ್ಯಾಸವೂ ಅದರ ಗುರಿ. ಡಾಕ್ಟರು, ಇಂಜಿನಿಯರು, ಪ್ರಾಧ್ಯಾಪಕರು ಆದ ಎಷ್ಟು ಮಂದಿ ನಾವು ದೀನಿನ ವಿಚಾರ ಬಂದಾಗ ಸ್ವಂತ ಬುದ್ಧಿಯನ್ನು ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಹೋಗುತ್ತೇವೆ?

ಮೆಚ್ಚಿಕೊಂಡಷ್ಟೇ ಸ್ಪಷ್ಟವಾಗಿ ಕೊರತೆಗಳನ್ನೂ ಹೇಳಬೇಕು. ವಕೀಲಿಕೆಯ ವರವೇ ಕೆಲವು ಕಡೆ ಕತೆಗೆ ಭಾರವಾಗಿದೆ. ಜುಲೇಖಾ ಬೇಗಂ ಮಾತಾಡುವಾಗ ಪಾತ್ರಕ್ಕಿಂತ ವಾದಪತ್ರವೇ ಹೆಚ್ಚು ಕೇಳಿಸುತ್ತದೆ. ಮುತವಲ್ಲಿಗಳು ಒಬ್ಬರ ಹಾಗೆ ಒಬ್ಬರಿದ್ದಾರೆ. ಎದುರು ಪಕ್ಷದ ಸಾಕ್ಷಿಗೆ ಮನಸ್ಸಿನೊಳಗೆ ನಡೆಯುವ ತೊಳಲಾಟ ಇರಬಾರದೇ? ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯಲ್ಲಿ ಮುಸ್ಲಿಯಾರರೂ ಮನುಷ್ಯರು, ತಪ್ಪು ಮಾಡಿ ನಾಚುವವರು, ಒಮ್ಮೊಮ್ಮೆ ನಮ್ಮನ್ನು ನಗಿಸುವವರು. ಕಾಸರಗೋಡಿನ ನೆಲದಿಂದ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ದುರಂತ, ವಾದಿಸುವವರು ಯಾರೂ ಇಲ್ಲದ್ದರಿಂದಲೇ ಎದೆ ಕಲಕುತ್ತದೆ. ಬಾನು ಅವರ ಅತ್ಯುತ್ತಮ ಕತೆಗಳು ವಾದ ಮುಗಿಸಿ ಸುಮ್ಮನಾಗುವ ಜಾಗದಲ್ಲಿ ಹುಟ್ಟುತ್ತವೆ: ಮೆಹರುನ್‌ಳ ಮಗಳ ಕೈ, ಶಾಜಿಯಾಳ ಮರೆವು. ದುರ್ಬಲ ಕತೆಗಳು ವಾದ ಮುಂದುವರಿಸುತ್ತವೆ.

ಹೋಲಿಕೆಗಾಗಿ ಇದೇ ಜಿಲ್ಲೆಯ ಇನ್ನೊಬ್ಬ ದೊಡ್ಡ ಲೇಖಕರನ್ನು ನೋಡಬಹುದು. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ವೃತ್ತಿಯಿಂದ ತತ್ತ್ವಶಾಸ್ತ್ರದ ಅಧ್ಯಾಪಕರು. ಧರ್ಮ ಎಂದರೇನು ಎಂಬ ಪ್ರಶ್ನೆ 'ವಂಶವೃಕ್ಷ'ದಿಂದಲೂ ಅವರನ್ನು ಬಿಟ್ಟಿರಲಿಲ್ಲ. 'ವಂಶವೃಕ್ಷ'ದಲ್ಲಿ ಆ ಪ್ರಶ್ನೆ ತನ್ನ ಮನೆಯ ಹಿರಿಯರ ಎದುರಿಗೇ ನಿಲ್ಲುತ್ತದೆ, ಆದ್ದರಿಂದ ಅಲ್ಲಿ ನೋವಿದೆ. 2007ರ 'ಆವರಣ'ದಲ್ಲಿ ಅವರು ಇಸ್ಲಾಮನ್ನು ಕಾಣುವುದು ಗ್ರಂಥಗಳ ಪಟ್ಟಿಯ ಮೂಲಕ, ಸುಲ್ತಾನರ ಚರಿತ್ರೆಯ ಮೂಲಕ. ಅಲ್ಲಿ ದಾಖಲೆಗಳಿವೆ; ಪಕ್ಕದ ಬೀದಿಯ ಅಶ್ರಫ್ ಇಲ್ಲ, ಯಾಸೀನ್ ಬುವಾ ಇಲ್ಲ. ತನ್ನ ಧರ್ಮವನ್ನು ಒಳಗಿನಿಂದ ಪ್ರಶ್ನಿಸುವಾಗ ಲೇಖಕ ತಾನೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಇನ್ನೊಬ್ಬರ ಧರ್ಮವನ್ನು ಹೊರಗಿನಿಂದ ವಿಚಾರಿಸುವಾಗ ನ್ಯಾಯಾಧೀಶರ ಕುರ್ಚಿ ಸುಲಭವಾಗಿ ಸಿಗುತ್ತದೆ. ಈ ಮಾತು ಭೈರಪ್ಪನವರಿಗೆ ಮಾತ್ರ ಹೇಳಿದ್ದಲ್ಲ, ನಮಗೂ ಅನ್ವಯಿಸುತ್ತದೆ.

ಬಾನು ಅವರು ಕಟಕಟೆಯಲ್ಲಿ ನಿಂತದ್ದು ಕತೆಯಲ್ಲಿ ಮಾತ್ರವಲ್ಲ. ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಹೆಣ್ಣಿಗೂ ಇದೆ ಎಂದು ಸಾರ್ವಜನಿಕವಾಗಿ ಹೇಳಿದ್ದಕ್ಕೆ 2000ದಲ್ಲಿ ಅವರ ಮೇಲೆ ಸಾಮಾಜಿಕ ಬಹಿಷ್ಕಾರ ಬಿತ್ತು. ಅದು ಮೂರು ತಿಂಗಳು ನಡೆಯಿತು. ಚೂರಿ ಹಿಡಿದು ಬಂದವನೊಬ್ಬನನ್ನು ಪತಿ ತಡೆದರೆಂದು ಅವರೇ ಹೇಳಿದ್ದಾರೆ. ಅವರು ಕೇಳಿದ್ದಾದರೂ ಏನು? ಅಲ್ಲಾಹನ ದಾಸಿಯರನ್ನು ಅವನ ಮಸೀದಿಗಳಿಂದ ತಡೆಯಬೇಡಿ ಎಂಬರ್ಥದ ಹದೀಸು ನಮ್ಮ ಪ್ರಮಾಣ ಗ್ರಂಥಗಳಲ್ಲೇ ಇದೆ. 2020ರಲ್ಲಿ, ಮಹಿಳೆಯರ ಮಸೀದಿ ಪ್ರವೇಶದ ಮೊಕದ್ದಮೆಯಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ, ನಮಾಜಿಗಾಗಿ ಹೆಂಗಸರು ಮಸೀದಿಗೆ ಬರಲು ಇಸ್ಲಾಮಿನಲ್ಲಿ ಅನುಮತಿಯಿದೆ ಎಂದು ಪ್ರಮಾಣಪತ್ರ ಸಲ್ಲಿಸಿತು. ಹಾಸನದಲ್ಲಿ ಅಪರಾಧವಾಗಿದ್ದ ಮಾತು ಇಪ್ಪತ್ತು ವರ್ಷಗಳ ನಂತರ ದಿಲ್ಲಿಯಲ್ಲಿ ಮಂಡಳಿಯ ನಿಲುವಾಯಿತು. ಆ ಮೂರು ತಿಂಗಳ ಬಾಕಿ ಯಾವ ಖಾತೆಗೆ ಸೇರುತ್ತದೆ? ಅದನ್ನು ಮನ್ನಿಸಬೇಕಾದವರು ಯಾರು? ಅವರ ಬಳಿ ಹೋಗಿ ಕೇಳಿದವರು ಯಾರು?

2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ವಿಚಾರಣೆ ನಡೆಯಿತು. ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ, ಮುಸ್ಲಿಂ ಮಹಿಳೆ ಚಾಮುಂಡಿಯ ಸನ್ನಿಧಿಯಲ್ಲಿ ಉದ್ಘಾಟಿಸಬಾರದೆಂದು ಕೆಲವರು ಕೋರ್ಟಿಗೆ ಹೋದರು. ಕವಿ ನಿಸಾರ್ ಅಹಮದ್ 2017ರಲ್ಲಿ ಇದೇ ದಸರೆಯನ್ನು ಉದ್ಘಾಟಿಸಿದ್ದು ಅವರಿಗೆ ಅಡ್ಡಿಯಾಗಲಿಲ್ಲ. ಹೈಕೋರ್ಟು 15ರಂದು, ಸುಪ್ರೀಂ ಕೋರ್ಟು 19ರಂದು ಅರ್ಜಿಗಳನ್ನು ವಜಾ ಮಾಡಿದವು. 22ರಂದು ಉದ್ಘಾಟನೆ ನಡೆಯಿತು. ಅದಾದ ಎರಡೇ ದಿನಕ್ಕೆ, 24ರಂದು, ಭೈರಪ್ಪನವರು ತೀರಿಕೊಂಡರು. ಒಂದೇ ಜಿಲ್ಲೆಯ ಇಬ್ಬರು ಲೇಖಕರ ಸುದ್ದಿ ಒಂದೇ ವಾರದ ಪತ್ರಿಕೆಗಳ ತುಂಬ ಇತ್ತು. ಇಬ್ಬರ ಪುಸ್ತಕಗಳನ್ನು ತೆರೆದು ಮಾತಾಡಿದವರಿಗಿಂತ ಇಬ್ಬರ ಧರ್ಮದ ಬಗ್ಗೆ ಮಾತಾಡಿದವರೇ ಹೆಚ್ಚು ಎಂದರೆ ಅತಿಶಯೋಕ್ತಿಯಾಗದು.

2000ದಲ್ಲಿ ಒಳಗಿನವರು, ಇವಳು ಎಂಥ ಮುಸ್ಲಿಂ ಎಂದು ಕೇಳಿದರು. 2025ರಲ್ಲಿ ಹೊರಗಿನವರು, ಇವರು ಮುಸ್ಲಿಂ ಅಲ್ಲವೇ ಎಂದು ಕೇಳಿದರು. ಎರಡೂ ಸಲ ನಂಬಿಕೆಯನ್ನು ಗುರುತಿನ ಚೀಟಿಯಂತೆ ತಪಾಸಣೆ ಮಾಡಲಾಯಿತು. ಆದರೆ ನಂಬಿಕೆ ನಿಜವಾಗಿ ಕೆಲಸ ಮಾಡುವ ಜಾಗ ಬೇರೆ. ಕಕ್ಷಿದಾರಳ ಮಾತನ್ನು ಕೊನೆಯವರೆಗೆ ಕೇಳುವ ವಕೀ ಲರ ತಾಳ್ಮೆಯಲ್ಲಿ, ತಂಗಿಯ ಪಾಲನ್ನು ಕೇಳುವ ಮೊದಲೇ ಅಳೆದುಕೊಡುವ ಅಣ್ಣನ ಕೈಯಲ್ಲಿ, ತನಗೆ ಒಪ್ಪದ ಪುಸ್ತಕವನ್ನೂ ಪೂರ್ತಿ ಓದಿ ಮಾತಾಡುವ ವಿಮರ್ಶಕನ ಪ್ರಾಮಾಣಿಕತೆಯಲ್ಲಿ ಅದನ್ನು ಹುಡುಕಬೇಕು. ಅದಕ್ಕೆ ಪ್ರದರ್ಶನ ಬೇಕಿಲ್ಲ. ಅದು ಇಲ್ಲದಿದ್ದರೆ ಮಾತ್ರ ಕೂಡಲೇ ಗೊತ್ತಾಗುತ್ತದೆ.

ಒಂದು ಸಣ್ಣ ಸಲಹೆಯೊಂದಿಗೆ ಮುಗಿಸುತ್ತೇನೆ. ಬೂಕರ್ ಬಂದಾಗ ಅನೇಕ ಸಂಘ ಸಂಸ್ಥೆಗಳು ಬಾನು ಅವರಿಗೆ ಶಾಲು ಹೊದಿಸಿದವು, ಒಳ್ಳೆಯದೇ. ನಮ್ಮ ಜಮಾಅತ್ತುಗಳಲ್ಲಿ 'ಕರಿ ನಾಗರಗಳು' ಕತೆಯನ್ನು ಒಂದು ಸಂಜೆ ಗಟ್ಟಿಯಾಗಿ ಓದಿಸಲು ಆಗದೇ? ಮುತವಲ್ಲಿಗಳು ಮುಂದಿನ ಸಾಲಿನಲ್ಲಿರಲಿ, ಹೆಂಗಸರೂ ಇರಲಿ. ಕತೆ ಮುಗಿದ ಮೇಲೆ ಯಾರೂ ಭಾಷಣ ಮಾಡುವುದು ಬೇಡ. ನಮ್ಮ ಮೊಹಲ್ಲಾದಲ್ಲಿ ಯಾರ ಯಾರ ಪಾಲು ಬಾಕಿಯಿದೆ, ಯಾರ ಮಹರ್ ಬಾಕಿಯಿದೆ, ಯಾವ ಅಶ್ರಫ್ ಯಾವ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ ಎಂದು ಒಂದು ಪಟ್ಟಿ ಮಾಡಿದರೆ ಸಾಕು. ಆ ಕತೆಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಬೇರೆ ಇರಲಾರದು.